ಕತ್ತು ಮುಟ್ಟಿ ನೋಡಿದ ಮೇಲೆ

ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಮಕ್ಕಳ ರಕ್ಷಣಾ ಇಲಾಖೆಯ ಅಧಿಕಾರಿಗಳೇ, ನಮ್ಮ ಶಿಶುವಿಹಾರದ ಸಹೋದ್ಯೋಗಿಗಳೇ, ತಾಯಂದಿರೇ, ತಾಯಂದಿರ ಒತ್ತಾಯಕ್ಕೆ ಬಂದಿರುವ ತಂದೆಯಂದಿರೇ, ಊಟಕ್ಕೆ ಮುಂಚೆ ಇನ್ನೆಷ್ಟು ಭಾಷಣಗಳಿವೆಯೋ ಎಂದು ಬೆರಳು ಮಡಿಸುತ್ತಿರುವ ಎಲ್ಲ ಸಭಿಕರೇ,

ನಮ್ಮ ಅಧ್ಯಕ್ಷರಿಗೆ ಚಪ್ಪಲಿ ಅಂಗಡಿಯಿದೆ ಎಂಬುದು ನಿಮಗೆಲ್ಲ ಗೊತ್ತು. ಬಿಗಿಯಾದ ಚಪ್ಪಲಿಯನ್ನೂ "ನಾಲ್ಕು ದಿನ ಹಾಕ್ಕೊಳ್ಳಿ, ತಾನಾಗೇ ಸಡಿಲ ಆಗತ್ತೆ" ಎಂದು ನಂಬಿಸಿ ಕಳಿಸುವವರು ಅವರು. ಈಗ ಅವರು ನನ್ನ ಬಗ್ಗೆ ಆಡಿದ ಮಾತುಗಳೂ ನನಗೆ ಸ್ವಲ್ಪ ಬಿಗಿಯಾಗಿಯೇ ಇವೆ. "ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಕ್ಕಳನ್ನು ಕಾಯುವವರು" ಎಂದರು. ಈ ಫಲಕದ ಮೇಲೆ "ಎಚ್ಚರದ ತಾಯಿ" ಎಂದು ಕೆತ್ತಿಸಿದ್ದಾರೆ. ಎತ್ತಿ ಹಿಡಿದರೆ ಕೈ ಜಗ್ಗುತ್ತದೆ. ಮೇಜಿನ ಮೇಲೆಯೇ ಇಟ್ಟಿರುತ್ತೇನೆ.

ಯಾತಕ್ಕಾಗಿ ಈ ಸನ್ಮಾನ ಎಂಬುದು ನಿಮಗೆ ಗೊತ್ತು. ಆದರೂ ಸಭಾಮರ್ಯಾದೆಗೆಂದು ಹೇಳುತ್ತೇನೆ. ಹೋದ ತಿಂಗಳು, ಮೂಗು ಉದುರಿಹೋಗುವಂಥ ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಎದುರಿನ ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಒಂದು ಎಳೆಗೂಸು ಒಂಟಿಯಾಗಿ ಮಲಗಿತ್ತು. ಸುತ್ತ ಯಾರೂ ಇರಲಿಲ್ಲ. ನಾನು ಬಗ್ಗಿ ಮಗುವಿನ ಕೈ ಮುಟ್ಟಿದೆ. ಮಂಜುಗಡ್ಡೆ. ಇಲಾಖೆಗೆ ಫೋನ್ ಮಾಡಿದೆ. ಅವರು ಬಂದರು, ಮಗುವನ್ನು ಕರೆದುಕೊಂಡು ಹೋದರು. ಆ ಮಗು ಈಗ ಇಲಾಖೆ ಗೊತ್ತುಮಾಡಿದ ಒಂದು ಮನೆಯಲ್ಲಿದೆ. ಅದನ್ನು ತಾಯಿಗೆ ಹಿಂದಿರುಗಿಸಬೇಕೋ ಬೇಡವೋ ಎಂಬ ವಿಚಾರಣೆ ನಾಳೆ ಬೆಳಿಗ್ಗೆ. ಸಾಕ್ಷಿ ನಾನೊಬ್ಬಳೇ.

ಇರಲಿ. ಇವತ್ತು ವಾರ್ಷಿಕೋತ್ಸವ. ಸಂತೋಷದ ಮಾತಾಡೋಣ.

ನಮ್ಮ ಶಿಶುವಿಹಾರದ ಗೋಡೆಯ ಮೇಲೆ "ಎಲ್ಲ ತಾಯಂದಿರೂ ಒಂದೇ" ಎಂದು ಬರೆದಿದೆ. ಬರೆಸಿದವಳು ನಾನೇ. ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದುಂಟೇ? ಪಕ್ಕದ ದೊಡ್ಡಾಸ್ಪತ್ರೆಗೆ ಕೆಲಸಕ್ಕೆಂದು ದೇಶದೇಶಗಳಿಂದ ಬಂದವರ ಮಕ್ಕಳೇ ನಮ್ಮಲ್ಲಿ ಹೆಚ್ಚು. ಒಬ್ಬ ನರ್ಸ್ ತನ್ನ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತಾರೆ; ಬಿಚ್ಚಿ ಕೆಳಗಿಟ್ಟರೆ ಮಗು ಅಳುವುದಿಲ್ಲ, ಅವರೇ ಅಳುತ್ತಾರೆ. ಅಡುಗೆಮನೆಯಲ್ಲಿ ಕೆಲಸ ಮಾಡುವ ಇನ್ನೊಬ್ಬರು ಮೂರು ವರ್ಷದ ಮಗಳ ಕೈಗೆ ಚಾಕು ಕೊಟ್ಟು ಹಣ್ಣು ಹೆಚ್ಚಿಸುತ್ತಾರೆ. ನಾನು ಹೌಹಾರಿದರೆ "ಕುಯ್ಕೊಂಡ್ರೆ ತಾನೇ ಗೊತ್ತಾಗೋದು" ಎಂದು ನಕ್ಕರು. ಮತ್ತೊಬ್ಬ ತಾಯಿ ತನ್ನ ಮಗುವನ್ನು ಯಾರಾದರೂ ಮುದ್ದಾಗಿದೆ ಎಂದರೆ "ಎಲ್ಲಿ ಮುದ್ದು, ಕಪ್ಪೆ ಥರ ಇದೆ" ಎಂದು ಅವಸರದಿಂದ ಸೇರಿಸುತ್ತಾರೆ. ಕಣ್ಣು ಬೀಳಬಾರದಲ್ಲ. ಇನ್ನೊಬ್ಬರು ಚಡ್ಡಿ ತೊಡಿಸುವುದೇ ಇಲ್ಲ. ಹೊತ್ತು ನೋಡಿ ಮಗುವನ್ನು ಬಚ್ಚಲಿನ ಮೇಲೆ ಹಿಡಿದು "ಸ್ಸ್" ಎನ್ನುತ್ತಾರೆ, ಮಗು ಕೆಲಸ ಮುಗಿಸುತ್ತದೆ. ನಮ್ಮ ಆಯಾ ಒಬ್ಬರು ಅದನ್ನು ಕಲಿಯಲು ಹೋಗಿ ಇಡೀ ದಿನ "ಸ್ಸ್" ಎಂದು, ಕೊನೆಗೆ ತಾವೇ ಬಚ್ಚಲಿಗೆ ಓಡಬೇಕಾಯಿತು.

ನಗುತ್ತಿದ್ದೀರಿ. ನಾನೂ ನಗುತ್ತಿದ್ದೆ. ನಕ್ಕು, ಆಮೇಲೆ ಅವರನ್ನು ಒಬ್ಬೊಬ್ಬರಾಗಿ ನನ್ನ ಕೋಣೆಗೆ ಕರೆದು "ಇಲ್ಲಿ ಹಾಗೆಲ್ಲ ಮಾಡಬಾರದಮ್ಮ, ನೋಡಿದವರು ಏನಂದುಕೊಂಡಾರು" ಎನ್ನುತ್ತಿದ್ದೆ. ಎಷ್ಟು ಮೆತ್ತಗೆ ಹೇಳುತ್ತಿದ್ದೆ ಎಂದರೆ, ಅವರು ನನಗೆ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ನಾನೂ ಹೊರಗಿನಿಂದಲೇ ಬಂದವಳು. ನಮ್ಮಮ್ಮ ನಮ್ಮನ್ನು ಬೆಳೆಸಿದ್ದು ಯಾವ ಪುಸ್ತಕ ನೋಡಿಯೂ ಅಲ್ಲ. ಆರು ಮಕ್ಕಳು, ಒಂದೇ ಹಾಸಿಗೆ. ಯಾರ ಕಾಲು ಯಾರ ಮುಖದ ಮೇಲೋ. ಅಮ್ಮ ನೀರು ತರಲು ಹೋಗುವಾಗ ತೆವಳುವ ಮಗುವಿನ ಸೊಂಟಕ್ಕೆ ಹಳೇ ಸೀರೆಯ ಅಂಚು ಕಟ್ಟಿ ಮಂಚದ ಕಾಲಿಗೆ ಬಿಗಿಯುತ್ತಿದ್ದಳು. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಆದರೆ ನನ್ನಮ್ಮನಿಗೆ ಗೊತ್ತಿದ್ದದ್ದು ಗೊತ್ತಿತ್ತು. ನನ್ನ ಮಗ ಹುಟ್ಟಿದಾಗ ಒಂದು ಮಾತು ಹೇಳಿದ್ದಳು: "ಮಗೂಗೆ ಚಳಿ ಆಗ್ತಿದ್ಯಾ ಅಂತ ಕೈ ಮುಟ್ಟಿ ನೋಡಬೇಡ್ವೇ. ಎಳೇ ಮಕ್ಕಳ ಕೈ ಯಾವಾಗಲೂ ತಣ್ಣಗೇ ಇರತ್ತೆ. ಕತ್ತಿನ ಹಿಂದೆ ಬೆರಳು ತೂರಿಸಿ ನೋಡು. ಕತ್ತು ಸುಳ್ಳು ಹೇಳಲ್ಲ." ಮೂವತ್ತು ವರ್ಷದಿಂದ ಈ ಕೈ ಹಾಗೇ ಮಾಡುತ್ತ ಬಂದಿದೆ. ನನ್ನನ್ನು ಕೇಳಿ ಮಾಡುವುದಿಲ್ಲ, ತಾನಾಗಿಯೇ ಹೋಗುತ್ತದೆ. ಅವತ್ತು ಕಾಫಿ ಅಂಗಡಿಯ ಮುಂದೆಯೂ ಕೈ ತಾನಾಗಿಯೇ ಕತ್ತಿಗೆ ಹೋಯಿತು. ಉಣ್ಣೆಯ ಟೋಪಿಯ ಕೆಳಗೆ ಬಿಸಿ, ಒಂಚೂರು ಬೆವರು ಕೂಡ...

ಕ್ಷಮಿಸಿ. ಒಂದು ಲೋಟ ನೀರು ಕೊಡಿ.

ಮುಂದಿನ ಸಾಲಿನವರಿಗೆ ನಾನು ಹೇಳಿದ್ದು ಕೇಳಿಸಿತು. ಅಧಿಕಾರಿಗಳು ನನ್ನನ್ನೇ ನೋಡುತ್ತಿದ್ದಾರೆ. ಬಾಯಿಂದ ಬಿದ್ದ ಮಾತನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳಲು ಆಗುತ್ತದೆಯೇ? ಹಿಂದಿನ ಸಾಲಿನವರಿಗೂ ಕೇಳಿಸಲಿ. ಮಗುವಿನ ಕತ್ತು ಬೆಚ್ಚಗಿತ್ತು. ಸುತ್ತ ಯಾರೂ ಇರಲಿಲ್ಲ ಎಂದೆನಲ್ಲ, ಅದೂ ನಿಜವಲ್ಲ. ಗಾಜಿನ ಆಚೆ, ಒಂದು ಮಾರು ದೂರದಲ್ಲಿ, ಅದರ ತಾಯಿ ಕಾಫಿ ಕುಡಿಯುತ್ತ ಕುಳಿತಿದ್ದರು. ನನ್ನನ್ನು ಕಂಡು ಕೈ ಬೀಸಿದರು. ನಾನೂ ಕೈ ಬೀಸಿದೆ. ಬೀಸಿ, ಮೂಲೆ ತಿರುಗಿ, ಫೋನ್ ಮಾಡಿದೆ. "ತಾಯಿ ಹತ್ತಿರದಲ್ಲಿ ಕಾಣ್ತಿದ್ದಾರಾ?" ಎಂದು ಆ ಕಡೆಯವರು ಕೇಳಿದರು. ಮೂಲೆ ತಿರುಗಿದ್ದೆನಲ್ಲ, "ಕಾಣ್ತಿಲ್ಲ" ಎಂದೆ. ಇಲಾಖೆಯವರು ಬಂದಾಗ ಆ ತಾಯಿ ಹೊರಗೆ ಓಡಿಬಂದು ಎಷ್ಟು ಹೇಳಿದರೂ, ನಿಂತದ್ದು ನನ್ನ ಮಾತೇ.

ಆ ತಾಯಿ ನಿಮಗೆಲ್ಲ ಗೊತ್ತಿರುವವರೇ. ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮ. ನಿಮ್ಮಲ್ಲಿ ಅನೇಕರು ಅವರ ಮುಂದೆ ಬಾಯಿ ತೆರೆದಿದ್ದೀರಿ. ನಾನು ಈಗ ಮಾತಾಡುತ್ತಿರುವ ಈ ಬಾಯಲ್ಲೂ ಅವರು ಕಟ್ಟಿದ ಎರಡು ಹಲ್ಲಿವೆ. ಅವರ ಊರಿನಲ್ಲಿ ವರ್ಷದ ಅರ್ಧ ಹಿಮವಂತೆ. ಅಲ್ಲಿ ಮಕ್ಕಳನ್ನು ಮಧ್ಯಾಹ್ನ ಹೊರಗೆ ಗಾಳಿಯಲ್ಲೇ ಮಲಗಿಸುತ್ತಾರಂತೆ. ನಮ್ಮಲ್ಲಿ ಸೇರಿಸಿದ ಮೊದಲ ದಿನವೇ ಅವರು ಕೇಳಿದ್ದರು: "ನನ್ನ ಮಗೂನ ಅಂಗಳದಲ್ಲಿ ಮಲಗಿಸ್ತೀರಾ? ಒಳಗೆ ಅವಳಿಗೆ ನಿದ್ದೆ ಬರಲ್ಲ. ನಮ್ಮಮ್ಮ ನನ್ನನ್ನೂ ಹಾಗೇ ಮಲಗಿಸಿದ್ದು." ನಾನು ಅವರನ್ನೂ ಕೋಣೆಗೆ ಕರೆದೆ. ನೋಡಿದವರು ಏನಂದುಕೊಂಡಾರು ಎಂದೆ. ಅವರು ನನ್ನ ಮುಖ ನೋಡಿ, ನಿಜವಾಗಿಯೂ ಅರ್ಥವಾಗದೆ, "ಏನಂದ್ಕೋತಾರೆ? ಮಗು ಮಲಗಿದೆ ಅಂದ್ಕೋತಾರೆ" ಎಂದರು.

ಸಭಿಕರೇ, ಆ ಮಾತು ನನಗೆ ಚುಚ್ಚಿದ ಹಾಗೆ ಬೈಗುಳ ಕೂಡ ಚುಚ್ಚಿರಲಿಲ್ಲ. ಯಾಕೆ ಎಂದು ಹೇಳುತ್ತೇನೆ, ಅಧ್ಯಕ್ಷರು ಗಡಿಯಾರ ನೋಡದಿದ್ದರೆ.

ನನ್ನ ಮಗ ಎರಡು ತಿಂಗಳ ಕೂಸಾಗಿದ್ದಾಗ ತಪಾಸಣೆಗೆ ಒಬ್ಬ ದಾದಿ ನಮ್ಮ ಬಾಡಿಗೆ ಕೋಣೆಗೆ ಬಂದರು. ಮಗ ನನ್ನ ಮಗ್ಗುಲಲ್ಲಿ, ನನ್ನ ತೋಳಿನ ಮೇಲೆ ಮಲಗಿದ್ದ. ಇಲ್ಲಿ ಕೂಸು ಬೇರೆಯೇ ಮಲಗಬೇಕಂತೆ, ಆದರೂ ದಾದಿ ಬೈಯಲಿಲ್ಲ. "ತೊಟ್ಟಿಲು ಎಲ್ಲಿದೆ?" ಎಂದಷ್ಟೇ ಕೇಳಿ, ಒಂದು ಸಲ ಕೋಣೆಯ ಸುತ್ತ ಕಣ್ಣಾಡಿಸಿದರು. ಆ ಕಣ್ಣಿಗೆ ನಾನು, ನನ್ನ ಹಾಸಿಗೆ, ನಮ್ಮಮ್ಮನ ಮಂಚದ ಕಾಲು, ಎಲ್ಲ ಕಂಡವು ಎನಿಸಿತು. ಮಾರನೆಯ ದಿನವೇ ತೊಟ್ಟಿಲು ತಂದೆವು. ದಾದಿ ಬರುವ ದಿನ ಮಗ ತೊಟ್ಟಿಲಲ್ಲಿ, ಮಿಕ್ಕ ದಿನ ಒಗೆದ ಬಟ್ಟೆ ತೊಟ್ಟಿಲಲ್ಲಿ. ಹೀಗೆ ಕೆಲವು ಕಾಲ ಕಳ್ಳಾಟ ನಡೆಯಿತು. ಆಮೇಲೆ ನನಗೆ ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತು. ಪಾಠ ಹೇಳುವವಳು ಮನೆಯಲ್ಲಿ ಕದ್ದು ನಡೆಯಬಾರದಲ್ಲ? ಮಗನನ್ನು ನಿಜವಾಗಿಯೂ ತೊಟ್ಟಿಲಿಗೆ ಹಾಕಿ, ಬಾಗಿಲು ಮುಂದೆ ಮಾಡಿ, ಈಚೆ ಕುಳಿತೆ. ಅವನು ಅತ್ತ. ನಾನು ಹೋಗಲಿಲ್ಲ. ಎದೆಹಾಲು ರವಿಕೆಯೆಲ್ಲ ನೆನೆಸಿತು, ನಾನು ಹೋಗಲಿಲ್ಲ. ಕೆಲವು ದಿನಗಳಲ್ಲಿ ಅವನು ಅಳುವುದನ್ನು ನಿಲ್ಲಿಸಿದ. ಎಲ್ಲರೂ ಭೇಷ್ ಎಂದರು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಕಾಟ ಉಂಡ ಸೊಸೆಯೇ ಮುಂದೆ ಅತ್ತೆಯಾಗುವುದು. ನಾನು ಇಷ್ಟು ವರ್ಷ ಆ ದಾದಿಯ ಕಣ್ಣನ್ನು ನನ್ನ ಮುಖದಲ್ಲಿ ಇಟ್ಟುಕೊಂಡು ತಿರುಗಿದೆ. ಯಾವ ತಾಯಿಯಾದರೂ ಆ ಕಣ್ಣಿನ ಮುಂದೆ ಒಮ್ಮೆ ತಲೆ ತಗ್ಗಿಸುತ್ತಿದ್ದಳು. ಡಾಕ್ಟರಮ್ಮ ತಗ್ಗಿಸಲಿಲ್ಲ. ಆಕೆಗೆ ತನ್ನ ತಾಯಿಯ ಬಗ್ಗೆ ನಾಚಿಕೆಯಿರಲಿಲ್ಲ. ಅದನ್ನು ನಾನು ಸಹಿಸಲಾರದೆ ಹೋದೆ. ನಾನು ಫೋನ್ ಮಾಡಿದ್ದು ಮಗುವಿಗೆ ಚಳಿಯಾಗುತ್ತದೆ ಎಂದಲ್ಲ. ಇಷ್ಟು ಜನರ ಮುಂದೆ ಇದನ್ನು ಹೇಳಲು ಮುಖ ಸುಡುತ್ತಿದೆ. ನಾನು ಹೊತ್ತ ನಾಚಿಕೆಯನ್ನು ಆಕೆಯೂ ಸ್ವಲ್ಪ ಹೊರಲಿ ಎನಿಸಿತ್ತು, ಅಷ್ಟೇ.

ಸನ್ಮಾನದ ಸುದ್ದಿಯನ್ನು ಮೊದಲು ಮಗನಿಗೇ ಹೇಳಿದೆ. ಅವನು ಬಸ್ಸು ಓಡಿಸುತ್ತಾನೆ, ಮಾತು ಕಡಿಮೆ. ಫಲಕ, ಭಾಷಣ ಎಲ್ಲ ಕೇಳಿಸಿಕೊಂಡು, "ಅಮ್ಮ, ಆ ಮಗು ಈಗ ಎಲ್ಲಿ ಮಲಗತ್ತೆ?" ಎಂದ. ಒಳ್ಳೇ ಮನೆ ಕಣೋ, ಒಳ್ಳೇ ತೊಟ್ಟಿಲು ಕೊಟ್ಟಿದ್ದಾರಂತೆ ಎಂದೆ. "ಅಳ್ತಿದ್ಯಂತಾ?" ಎಂದ. ಮೊದಮೊದಲು ಅಳ್ತಿತ್ತಂತೆ, ಈಗ ನಿಲ್ಲಿಸಿದೆಯಂತೆ ಎಂದೆ. ಅವನು ಊಟದ ತಟ್ಟೆ ಎತ್ತಿಕೊಂಡು ಎದ್ದುಹೋದ.

ಅಧಿಕಾರಿಗಳೇ, ನಿಮ್ಮ ತಪ್ಪಿಲ್ಲ. ಇಷ್ಟು ವರ್ಷ ಮಕ್ಕಳನ್ನು ನೋಡಿಕೊಂಡವಳ ಮಾತೆಂದು ನೀವು ನಂಬಿದಿರಿ. ಅದೇ ಬಾಯಿಂದ ಈಗ ಕೇಳಿ: ಮಗು ಬೆಚ್ಚಗಿತ್ತು, ತಾಯಿ ಹತ್ತಿರವೇ ಇದ್ದರು, ನನಗೆ ಎರಡೂ ಗೊತ್ತಿತ್ತು. ನಾಳೆ ಬೆಳಿಗ್ಗೆ ವಿಚಾರಣೆಯಲ್ಲೂ ಇದನ್ನೇ ಹೇಳುತ್ತೇನೆ. ರಾತ್ರಿ ಕಳೆಯುವುದರೊಳಗೆ ನನ್ನ ನಾಲಿಗೆ ಹೊರಳೀತು ಎಂಬ ಭಯಕ್ಕೇ ಇಷ್ಟು ಸಾಕ್ಷಿಗಳ ಮುಂದೆ ಹೇಳಿಬಿಟ್ಟೆ. ಆಮೇಲೆ ನನಗೇನು ಮಾಡಬೇಕೋ ಅದು ನಿಮಗೆ ಬಿಟ್ಟದ್ದು. ಅಧ್ಯಕ್ಷರೇ, ನಿಮ್ಮ ಫಲಕ ಇಲ್ಲೇ ಇದೆ. ನಾಲ್ಕು ದಿನವಲ್ಲ, ನಾಲ್ಕು ವರ್ಷ ಹಾಕಿಕೊಂಡರೂ ಇದು ಸಡಿಲವಾಗುವುದಿಲ್ಲ.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ್ದೀರಿ, ಅದಕ್ಕೆ ನಾನು ಋಣಿ. ಹೊರಡುವ ಮುನ್ನ ಒಂದೇ ಕೋರಿಕೆ. ಬಾಗಿಲ ಬಳಿ ಆ ಮಗುವಿನ ನೀಲಿ ತಳ್ಳುಗಾಡಿ ನಿಂತಿದೆ. ಅವತ್ತು ಇಲಾಖೆಯವರ ಕಾರಿನಲ್ಲಿ ಹಿಡಿಯಲಿಲ್ಲ ಎಂದು ಇಲ್ಲೇ ಬಿಟ್ಟುಹೋಗಿದ್ದು. ಇವತ್ತು ಮಳೆಯಲ್ಲಿ ಬಂದ ನಿಮ್ಮಲ್ಲಿ ಕೆಲವರು, ಏನೋ ಬುಟ್ಟಿಯೆಂದು ತಿಳಿದು, ಒದ್ದೆ ಛತ್ರಿಗಳನ್ನು ಅದರೊಳಗೆ ಇಟ್ಟಿದ್ದೀರಿ. ನಾನು ಬರುವಾಗ ನೋಡಿದೆ, ನೋಡಿಯೂ ಸುಮ್ಮನಿದ್ದೆ. ದಯವಿಟ್ಟು ಛತ್ರಿಗಳನ್ನು ತೆಗೆದುಕೊಳ್ಳಿ. ಒಳಗಿನ ಹಾಸಿಗೆ ಬೆಳಗಾಗುವುದರೊಳಗೆ ಒಣಗಬೇಕು.

ಎಲ್ಲರಿಗೂ ವಂದನೆ. ನಮಸ್ಕಾರ.