ಸಮಸಂಖ್ಯೆಯ ಹನ್ನೆರಡು ಕುರ್ಚಿಗಳು

ಹೆಸರು: ಗುರುತಿನ ಚೀಟಿಯಲ್ಲಿ ಇರುವಂತೆ ಮೊದಲ ಪುಟದಲ್ಲಿ ಬರೆದಾಗಿದೆ. ಆ ಹೆಸರಿನಿಂದ ಕರೆಯುವವರು ಬ್ಯಾಂಕಿನವರು ಮಾತ್ರ. ಉಳಿದವರಿಗೆಲ್ಲ ನಾನು ಕುರ್ಚಿ ಅಕ್ಕ.
ವಯಸ್ಸು: 52 ವರ್ಷ.
ಉದ್ಯೋಗ: ಕುರ್ಚಿ, ಮೇಜು ಬಾಡಿಗೆಗೆ ಕೊಡುವುದು. ಇಪ್ಪತ್ತೊಂದು ವರ್ಷದಿಂದ ಪಕ್ಷದ ಸ್ಥಳೀಯ ಶಾಖೆಯ ಸದಸ್ಯೆ.
ವಾಸ: ಮಾರುಕಟ್ಟೆ ಹಿಂದಿನ ರಸ್ತೆ, ಎರಡನೇ ತಿರುವು, ಹಸಿರು ಗೇಟಿನ ಮನೆ. ಗೇಟಿನ ಬಲಕ್ಕೆ ಅಂಗಡಿ.

ಈ ದಿನ ಬೆಳಿಗ್ಗೆ 10:15ಕ್ಕೆ ಠಾಣೆಗೆ ಬಂದು, ಯಾರೂ ಹೇಳಿಕೊಡದೆ, ಈ ಮೂಲಕ ನಾನು ತಿಳಿಸುವುದು ಹೀಗಿದೆ:

ಕಳೆದ ಶನಿವಾರ ಮಧ್ಯಾಹ್ನ 3:12ರಿಂದ 5:19ರವರೆಗೆ ನಮ್ಮ ಪಕ್ಷದ ಕಚೇರಿಯ ಹಿಂದಿರುವ ಸಭಾಂಗಣದ ಬಾಗಿಲಿಗೆ ಬೀಗ ಹಾಕಿದ್ದು ನಾನು. ಒಳಗೆ ಮೂವರಿದ್ದರು. ದೂರಿನಲ್ಲಿ ಸುಮಾರು ಮೂರು ಗಂಟೆ ಎಂದು ಬರೆದಿದ್ದಾರಂತೆ. ಎರಡು ಗಂಟೆ ಏಳು ನಿಮಿಷ. ಸುಮಾರು ಎಂಬ ಮಾತು ನನ್ನ ವ್ಯಾಪಾರದಲ್ಲಿ ಇಲ್ಲ. ಸುಮಾರು ನೂರು ಕುರ್ಚಿ ಕಳಿಸಿ ಸುಮಾರು ನೂರು ವಾಪಸು ತೆಗೆದುಕೊಂಡಿದ್ದರೆ ಇಷ್ಟು ಹೊತ್ತಿಗೆ ಅಂಗಡಿ ಮುಚ್ಚಿರುತ್ತಿತ್ತು.

ರಾಜ್ಯ ವಿಧಾನಸಭೆ ಚುನಾವಣೆಗೆ ನಮ್ಮ ಶಾಖೆಯಿಂದ ಒಂದು ಹೆಸರು ಕಳಿಸಬೇಕಿತ್ತು. ಎರಡು ಹೆಸರು ಬಂದವು. ಒಂದು, ಶಾಖೆಯ ಅಧ್ಯಕ್ಷರ ಅಳಿಯ. ಅಧ್ಯಕ್ಷರದು ಜಲ್ಲಿ, ಮರಳಿನ ವ್ಯಾಪಾರ. ಇನ್ನೊಂದು, ನಾನು. ನನಗೆ ಈ ಆಸೆ ಹುಟ್ಟಿನಿಂದ ಬಂದದ್ದಲ್ಲ. ಬಾಟಲಿ ಕಾರ್ಖಾನೆಯ ಹೆಂಗಸರಿಗೆ ಬಸ್ಸು ಗೇಟಿನಿಂದ 1,400 ಮೀಟರ್ ಆಚೆ ನಿಲ್ಲುತ್ತದೆ. ಗೇಟಿನ ಮುಂದೆ ನಿಲ್ಲಿಸಿ ಎಂದು ಎರಡು ವರ್ಷದಲ್ಲಿ ಹನ್ನೊಂದು ಅರ್ಜಿ ನಾನೇ ಬರೆದೆ. ಹನ್ನೊಂದಕ್ಕೂ ಅದು ರಾಜ್ಯದ ವಿಷಯ ಎಂಬ ಒಂದೇ ಉತ್ತರ ಬಂತು. ಹಾಗಾದರೆ ರಾಜ್ಯಕ್ಕೇ ಹೋಗಿ ಕೇಳೋಣ ಎಂದುಕೊಂಡೆ, ಅಷ್ಟೇ.

ನಮ್ಮ ಶಾಖೆಯಲ್ಲಿ ಮತ ಎಣಿಸುವ ಪದ್ಧತಿಯನ್ನು ಇಲ್ಲಿ ಬರೆಸಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಕೈ ಎತ್ತಿಸಿದರೆ ಕೆಲವರು ಎರಡು ಸಲ ಎತ್ತುತ್ತಾರೆ. ಅದಕ್ಕೆ ನಾವು ಕೂತು ಮತ ಹಾಕುತ್ತೇವೆ. ಒಬ್ಬರ ಕಡೆಯವರು ಎಡಗಡೆ, ಇನ್ನೊಬ್ಬರ ಕಡೆಯವರು ಬಲಗಡೆ. ಒಬ್ಬ ಮನುಷ್ಯ ಎರಡು ಕುರ್ಚಿಯಲ್ಲಿ ಕೂರಲಾರ. ಕೂತಾದ ಮೇಲೆ ಸದಸ್ಯತ್ವದ ಚೀಟಿಯನ್ನು ಬಟ್ಟೆ ಕ್ಲಿಪ್ಪಿನಿಂದ ಕುರ್ಚಿಯ ಬೆನ್ನಿಗೆ ಸಿಕ್ಕಿಸಿ ಹೊರಗೆ ಹೋಗಬಹುದು. ಚೀಟಿ ಇದ್ದರೆ ಆಳು ಇದ್ದ ಹಾಗೆ. ಈ ನಿಯಮ ತಂದವರು ಅಧ್ಯಕ್ಷರೇ, ಒಂಬತ್ತು ವರ್ಷದ ಹಿಂದೆ, ತಮ್ಮ ಲಾರಿ ಚಾಲಕರಿಗೆ ಸಭೆ ಮುಗಿಯುವವರೆಗೆ ಕಾಯಲು ಆಗುವುದಿಲ್ಲವೆಂದು. ಇನ್ನೊಬ್ಬರ ಚೀಟಿ ಮುಟ್ಟಿದರೆ ಸದಸ್ಯತ್ವ ರದ್ದು ಎಂದು ಸೇರಿಸಿದವರೂ ಅವರೇ. ಕುರ್ಚಿ ಮುಟ್ಟಿದರೆ ಏನು ಎಂಬುದನ್ನು ಯಾರೂ ಬರೆದಿರಲಿಲ್ಲ.

ಶನಿವಾರ ಬೆಳಿಗ್ಗೆ 10:20ಕ್ಕೆ ನಾನು ಮತ್ತು ನಮ್ಮ ಮನೆಯವರು ಎರಡು ತಳ್ಳುಗಾಡಿಯಲ್ಲಿ 119 ಕುರ್ಚಿ ತಂದೆವು. ನನ್ನ ಪ್ರತಿ ಕುರ್ಚಿಯ ತಳದಲ್ಲಿ ಕೆಂಪು ಬಣ್ಣದಲ್ಲಿ ಒಂದು ಅಂಕೆ ಇದೆ. ಬೆಸಸಂಖ್ಯೆಯವು ಅವರ ಗಾಡಿಗೆ, ಸಮಸಂಖ್ಯೆಯವು ನನ್ನ ಗಾಡಿಗೆ. ಕುರ್ಚಿ ಕಳೆದರೆ ಯಾರ ಗಾಡಿಯಿಂದ ಕಳೆಯಿತು ಎಂದು ಮನೆಯಲ್ಲಿ ಜಗಳವಾಗಬಾರದೆಂದು ಹದಿನೆಂಟು ವರ್ಷದಿಂದ ಹೀಗೆ ಮಾಡಿಕೊಂಡಿದ್ದೇವೆ. ಒಟ್ಟು 120 ಇರಬೇಕಿತ್ತು. 88ನೆಯದು ಮೂರು ವರ್ಷದ ಹಿಂದೆ ಒಂದು ಬಹಿರಂಗ ಸಭೆಯಲ್ಲಿ ಕಳೆಯಿತು. ಸಮ, ನನ್ನ ಗಾಡಿಯದು. ಮೂರು ವರ್ಷದಿಂದ ನಾನು ಏನು ಹೇಳಹೋದರೂ ನಮ್ಮ ಮನೆಯವರು ಎಂಬತ್ತೆಂಟು ಎಂದು ಹೇಳಿ ನನ್ನ ಬಾಯಿ ಮುಚ್ಚಿಸುತ್ತಾರೆ.

ಸಭಾಂಗಣ 40 ಅಡಿ ಉದ್ದ, 28 ಅಡಿ ಅಗಲ. ಒಂದೇ ಬಾಗಿಲು, ಸರಳಿನ ಎರಡು ಕಿಟಕಿ. ಅವರು ತಮ್ಮ ಗಾಡಿಯ 60 ಬೆಸ ಕುರ್ಚಿಗಳನ್ನು ಎಡಗಡೆ ಹಾಕಿದರು, ನಾನು ನನ್ನ ಗಾಡಿಯ 59 ಸಮ ಕುರ್ಚಿಗಳನ್ನು ಬಲಗಡೆ ಹಾಕಿದೆ. ನಡುವೆ ಐದು ಅಡಿ ದಾರಿ. ಇದರಲ್ಲಿ ಯಾವ ಉಪಾಯವೂ ಇರಲಿಲ್ಲ. ಗಾಡಿ ನಿಂತ ಕಡೆ ಇಳಿಸಿದೆವು.

12:35ಕ್ಕೆ ಸದಸ್ಯರು ಬಂದು ಕೂತರು. ಎಣಿಸುವ ಅಧಿಕಾರ ರಾಜಧಾನಿಯಿಂದ ಬರುವ ವೀಕ್ಷಕರಿಗೆ ಮಾತ್ರ. ಆದರೆ ಕಣ್ಣಲ್ಲಿ ಎಣಿಸಬಾರದು ಎಂಬ ನಿಯಮ ಇಲ್ಲ. ಎಡಗಡೆ 47, ನನ್ನ ಕಡೆ 57. ನನ್ನ ಕಡೆಯವರಲ್ಲಿ 24 ಜನ ಬಾಟಲಿ ಕಾರ್ಖಾನೆಯವರು, ಊಟದ ಬಿಡುವಿನಲ್ಲಿ ಬಂದವರು. 1:15ರೊಳಗೆ ಗೇಟಿನೊಳಗೆ ಇರದಿದ್ದರೆ ಅರ್ಧ ದಿನದ ಹಾಜರಿ ಹೋಗುತ್ತದೆ. 12:30ಕ್ಕೆ ಬರಬೇಕಾದ ವೀಕ್ಷಕರು ಬಂದಿರಲಿಲ್ಲ. 1:05ಕ್ಕೆ ಕಾರ್ಖಾನೆಯವರು ಚೀಟಿ ಸಿಕ್ಕಿಸಿ ಎದ್ದರು. ಅವರಲ್ಲಿ ಹಿರಿಯಳಾದ ಅಜ್ಜಿ, ಮೂವತ್ತು ವರ್ಷದಿಂದ ಒಡೆದ ಬಾಟಲಿ ಆರಿಸುವವಳು, ಹೋಗುವಾಗ ತನ್ನ ಕುರ್ಚಿ ಕುಂಟುತ್ತದೆ, ಮುಂದಿನ ಸಲ ಒಳ್ಳೆಯದು ಕೊಡು ಎಂದು ನನಗೆ ಹೇಳಿದಳು. ಅದು 34ನೇ ಕುರ್ಚಿ. ಕುಂಟುವುದು ನಿಜ.

ವೀಕ್ಷಕರ ಕಾರು 1:40ಕ್ಕೆ ಬಂತು. ಅಧ್ಯಕ್ಷರು ಅವರನ್ನು ಕಾರಿನಿಂದ ಇಳಿಯಲು ಬಿಡದೆ ತಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. 2:30ಕ್ಕೆ ಅಧ್ಯಕ್ಷರ ಕಾರಿನ ಚಾಲಕ ಬಂದು, ಅಂಗಳದಲ್ಲಿ ಚಹಾ ಇದೆ, ಎಲ್ಲರೂ ಚೀಟಿ ಸಿಕ್ಕಿಸಿ ಹೊರಗೆ ಬನ್ನಿ, ಎಣಿಸುವಾಗ ಒಳಗೆ ಯಾರೂ ಇರಬಾರದೆಂದು ವೀಕ್ಷಕರ ಅಪ್ಪಣೆ ಎಂದು ಹೇಳಿದ. ಎಲ್ಲರೂ ಹೋದೆವು. ನಾನೂ ಹೋದೆ. ಇಪ್ಪತ್ತೊಂದು ವರ್ಷದಲ್ಲಿ ಈ ಪಕ್ಷ ಹೇಳಿದ ಹೊತ್ತಿಗೆ ಚಹಾ ಕೊಟ್ಟದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಈ ತಪ್ಪು ನನ್ನದು, ಬರೆದುಕೊಳ್ಳಿ.

2:55ಕ್ಕೆ ವೀಕ್ಷಕರು, ಅಧ್ಯಕ್ಷರು, ಅವರ ಅಳಿಯ ಮತ್ತು ನಾನು, ನಾಲ್ವರೇ ಒಳಗೆ ಹೋದೆವು. ವೀಕ್ಷಕರು ಚೀಟಿಗಳನ್ನು ಎಣಿಸಿದರು. ಎಡಗಡೆ 59, ಬಲಗಡೆ 45. ಅಧ್ಯಕ್ಷರು ಅಳಿಯನ ಬೆನ್ನು ತಟ್ಟಿದರು. ನಾನು ಚೀಟಿ ನೋಡಲಿಲ್ಲ, ನೆಲ ನೋಡಿದೆ. ಐದು ಅಡಿಯ ದಾರಿ ಮೂರೂವರೆ ಅಡಿ ಆಗಿತ್ತು. ಎಡಗಡೆಯ ಸಾಲಿನ ತುದಿಯಲ್ಲಿದ್ದ ಒಂದು ಕುರ್ಚಿಯನ್ನು ಬಗ್ಗಿಸಿ ತಳ ನೋಡಿದೆ. 34 ಎಂದಿತ್ತು. ಅದರ ಹಿಂದಿನದು 46, ಅದರ ಹಿಂದಿನದು 72. ಹೀಗೆ ಹನ್ನೆರಡು ಸಮ ಕುರ್ಚಿಗಳು ಬೆಸದವರ ನಡುವೆ ಕೂತಿದ್ದವು. ಹನ್ನೆರಡಕ್ಕೂ ಕಾರ್ಖಾನೆಯವರ ಚೀಟಿ, ಸಿಕ್ಕಿಸಿದ ಕ್ಲಿಪ್ಪು ಅಲುಗಾಡದಂತೆ. ಚೀಟಿ ಮುಟ್ಟಬಾರದೆಂಬ ನಿಯಮವನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದ್ದರು. ಕುರ್ಚಿಯನ್ನೇ ಎತ್ತಿ ಆಚೆ ಇಟ್ಟಿದ್ದರು.

ಇದನ್ನು ವೀಕ್ಷಕರಿಗೆ ತೋರಿಸಿದೆ. ಅವರು ಗಡಿಯಾರ ನೋಡಿ, ಕುರ್ಚಿಯ ತಳ ನೋಡಲು ತಮ್ಮ ಫಾರಂನಲ್ಲಿ ಜಾಗವಿಲ್ಲ, ಎಡ ಎಷ್ಟು ಬಲ ಎಷ್ಟು ಎಂದು ಎರಡೇ ಕಾಲಂ ಇರುವುದು ಎಂದರು. 3:30ಕ್ಕೆ ಹೊರಟರೆ ಮಾತ್ರ ಇನ್ನೊಂದು ಊರು ತಲುಪಬಹುದು ಎಂದೂ ಹೇಳಿದರು. ಹನ್ನೆರಡು ಜನ 300 ಮೀಟರ್ ದೂರದಲ್ಲೇ ಇದ್ದಾರೆ, 5:10ಕ್ಕೆ ಸೈರನ್ ಆಗುತ್ತದೆ, ಅವರನ್ನೇ ಕೇಳಿ ಬರೆಯಿರಿ ಎಂದು ಎರಡು ಸಲ ವಿನಂತಿಸಿದೆ. ಎರಡನೇ ಸಲ ಸರ್ ಎಂದೂ ಸೇರಿಸಿದೆ. ಅವರು ಪೆನ್ನಿನ ಮುಚ್ಚಳ ತೆಗೆದರು.

ನಾನು ಹೊರಗೆ ಬಂದು ಬಾಗಿಲೆಳೆದು ಬೀಗ ಹಾಕಿದೆ. ಸಮಯ 3:12. ಬೀಗ ಪಕ್ಷದ್ದಲ್ಲ, ನನ್ನದು. ಕುರ್ಚಿ ಅಲ್ಲೇ ಉಳಿಯುವ ದಿನ ಹಾಕಲೆಂದು ಗಾಡಿಯಲ್ಲೇ ಇಟ್ಟುಕೊಂಡಿರುತ್ತೇನೆ. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಮ್ಮ ಮನೆಯವರು ಗಾಡಿಯಿಂದ ಇಳಿದು ಬಂದು, "ಹಾಕಿದ್ದು ಹಾಕಿದೀಯ, ಕೀಲಿಕೈ ಎಲ್ಲಿಟ್ಟೆ ಅಂತಾದ್ರೂ ನೆನಪಿಟ್ಕೋ" ಎಂದರು. ಅವರು ನನಗೆ ಬೆಂಬಲ ಕೊಟ್ಟದ್ದು ಅಷ್ಟೇ. ಅವರ ಹೆಸರನ್ನು ದೂರಿನಲ್ಲಿ ಸೇರಿಸಿದ್ದರೆ ತೆಗೆಯಿರಿ.

ಅಂಗಳದಲ್ಲಿ ಎರಡೂ ಕಡೆಯವರು ಸೇರಿ 79 ಜನರಿದ್ದರು. ಕೂಗಾಟವಾಯಿತು, ಕೈ ಮಾಡಲಿಲ್ಲ. ಒಳಗೆ ಫ್ಯಾನು ತಿರುಗುತ್ತಿತ್ತು. 3:25ಕ್ಕೆ ಮೂರು ಬಾಟಲಿ ನೀರು, 4:15ಕ್ಕೆ ಮೂರು ಲೋಟ ಚಹಾ ಕಿಟಕಿಯಿಂದ ಕೊಟ್ಟೆ. ವೀಕ್ಷಕರದಕ್ಕೆ ಸಕ್ಕರೆ ಹಾಕಿಸಲಿಲ್ಲ, ಅವರೇ ಬೇಡವೆಂದದ್ದು. ಮೂವರ ಬಳಿಯೂ ಮೊಬೈಲ್ ಇತ್ತು. ಠಾಣೆಗೆ ಮೊದಲ ಕರೆ 3:20ಕ್ಕೆ ಹೋಗಿದೆ. ಠಾಣೆ ಒಂದೂಕಾಲು ಕಿಲೋಮೀಟರ್. ಜೀಪು ಬಂದದ್ದು 5:40ಕ್ಕೆ. ಇದು ದೂರಲ್ಲ, ಲೆಕ್ಕ.

4:20ಕ್ಕೆ ಅಳಿಯ ಲೋಟ ವಾಪಸು ಕೊಡುವಾಗ ಕಿಟಕಿಯಲ್ಲಿ ಮೆಲ್ಲಗೆ ಒಂದು ಮಾತು ಹೇಳಿದ. ಮಾವನಿಗೆ ಗೊತ್ತಾಗಬಾರದು ಎಂದು ಕೇಳಿಕೊಂಡಿದ್ದಾನೆ, ಹಾಗಾಗಿ ಅದನ್ನು ಬರೆಸುವುದಿಲ್ಲ. ಹುಡುಗ ಕೆಟ್ಟವನಲ್ಲ.

4:40ಕ್ಕೆ ಅಧ್ಯಕ್ಷರು ಕಿಟಕಿಗೆ ಬಂದರು. "ಇಪ್ಪತ್ತೊಂದು ವರ್ಷ ಕುರ್ಚಿ ಹಾಕಿದೀಯ ಅಕ್ಕ. ಈಗ ಕೂರೋ ಆಸೆ ಬಂತಾ?" ಎಂದರು.

"ಹಾಕಿದವಳಿಗೇ ಅಲ್ವಾ ಗೊತ್ತಿರೋದು, ಯಾವ್ದು ಗಟ್ಟಿ ಯಾವ್ದು ಕುಂಟುತ್ತೆ ಅಂತ" ಎಂದೆ.

ಅಂಗಳದಲ್ಲಿ ನಕ್ಕವರಲ್ಲಿ ಅವರ ಕಡೆಯವರೂ ಇದ್ದರು. ಎಷ್ಟು ಜನವೆಂದು ಎಣಿಸಲಿಲ್ಲ. ಆ ದಿನ ನಾನು ಎಣಿಸದೆ ಬಿಟ್ಟದ್ದು ಅದೊಂದೇ.

5:10ಕ್ಕೆ ಸೈರನ್ ಆಯಿತು. 5:18ಕ್ಕೆ ಕಾರ್ಖಾನೆಯ 24 ಜನರೂ ಅಂಗಳಕ್ಕೆ ಬಂದರು. 5:19ಕ್ಕೆ ಬೀಗ ತೆಗೆದು, ಬಾಗಿಲ ಎರಡೂ ರೆಕ್ಕೆಯನ್ನು ಗೋಡೆಗೆ ತಾಗುವವರೆಗೆ ತೆರೆದು ಇಟ್ಟಿಗೆ ಇಟ್ಟೆ. ಹೋಗುವವರು ಹೋಗಬಹುದು ಎಂದು ಗಟ್ಟಿಯಾಗಿ ಹೇಳಿದೆ. ವೀಕ್ಷಕರು ಚೀಲ ಎತ್ತಿಕೊಂಡು ಬಾಗಿಲವರೆಗೆ ಬಂದರು. ಅಷ್ಟರಲ್ಲಿ ಅಜ್ಜಿ ಒಳಗೆ ಹೋಗಿ, ಬಲಗಡೆ ತನ್ನ ಜಾಗ ಖಾಲಿ ಇದ್ದದ್ದು ಕಂಡು, ಸುತ್ತ ನೋಡಿ, ಎಡಗಡೆ ತನ್ನ ಚೀಟಿಯನ್ನು ಗುರುತು ಹಿಡಿದಳು. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ, ದಾರಿ ದಾಟಿ, ಬಲಗಡೆ ಇಟ್ಟು ಕೂತಳು. ಅದು ಕುಂಟಿತು. ಆಮೇಲೆ ಉಳಿದ ಹನ್ನೊಂದು ಜನ, ಒಬ್ಬರ ಹಿಂದೆ ಒಬ್ಬರು, ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ದಾಟಿದರು. ಇಷ್ಟು ವರ್ಷ ಕುರ್ಚಿ ಹೊತ್ತವಳು ನಾನು. ಬೇರೆಯವರು ಹೊರುವುದನ್ನು ನಿಂತು ನೋಡಿದ್ದು ಅದೇ ಮೊದಲು.

ವೀಕ್ಷಕರು ಬಾಗಿಲಲ್ಲೇ ನಿಂತಿದ್ದರು. ಅವರ ಕಾರು 15 ಮೀಟರ್ ದೂರದಲ್ಲಿತ್ತು, ಚಾಲಕ ಒಳಗೇ ಕೂತಿದ್ದ. ಅವರು ಕಾರಿನ ಕಡೆ ಹೋಗಲಿಲ್ಲ. ವಾಪಸು ಬಂದು ಮೇಜಿನ ಮೇಲೆ ಫಾರಂ ಇಟ್ಟು, ಮತ್ತೆ ಎಣಿಸಿ, ಎಡ 47, ಬಲ 57 ಎಂದು ತಮ್ಮ ಕೈಯಾರೆ ಬರೆದು ಸಹಿ ಮಾಡಿದರು. ಆಗ 5:28. ಅಳಿಯನೂ ಸಹಿ ಮಾಡಿದ. ನಮ್ಮಿಬ್ಬರಲ್ಲಿ ಮೊದಲು ಮಾಡಿದವನು ಅವನೇ, ಆಮೇಲೆ ನಾನು.

ಈಗ ವೀಕ್ಷಕರ ದೂರು ಏನೆಂದರೆ, ಕೂಡಿಹಾಕಿ ಬರೆಸಿದ ಫಾರಂ ಅದು, ಆದ್ದರಿಂದ ರದ್ದಾಗಬೇಕು. 5:19ರಿಂದ 5:28, ಒಂಬತ್ತು ನಿಮಿಷ ಬಾಗಿಲು ತೆರೆದಿತ್ತು. ಇಟ್ಟಿಗೆ ಇಟ್ಟದ್ದನ್ನು ನೋಡಿದವರು ನೂರು ಜನಕ್ಕೂ ಹೆಚ್ಚಿದ್ದಾರೆ.

ನಿನ್ನೆ ಸಂಜೆ 6:30ಕ್ಕೆ ಅಧ್ಯಕ್ಷರು ನನ್ನ ಅಂಗಡಿಗೆ ಬಂದು ಅರ್ಧ ಗಂಟೆ ಕೂತರು. ಬೀಗ ಕೆಟ್ಟು ಸಿಕ್ಕಿಕೊಂಡಿತ್ತು, ಗಾಬರಿಯಲ್ಲಿ ಏನೇನೋ ಆಯಿತು, ಆ ಗಲಾಟೆಯಲ್ಲಿ ಬರೆದ ಫಾರಂ ಲೆಕ್ಕಕ್ಕಿಲ್ಲ ಎಂದು ನಾನು ಹೇಳಿದರೆ ದೂರು ವಾಪಸು, ಮುಂದಿನ ಸಲ ನನ್ನ ಹೆಸರೇ ಎಂದರು. ಮುಂದಿನ ಸಲ ಎಂಬ ಮಾತನ್ನು ಅಜ್ಜಿಗೆ ಹೇಳಿ ಬನ್ನಿ, ಅವಳ ನಿವೃತ್ತಿಗೆ ಏಳು ತಿಂಗಳಿದೆ ಎಂದೆ. ಇಂದು ಬೆಳಿಗ್ಗೆ ಠಾಣೆಯವರೂ ಅದನ್ನೇ ಬೇರೆ ಮಾತಿನಲ್ಲಿ ಕೇಳಿದರು. ಬೀಗ ಕೆಟ್ಟಿಲ್ಲ. ತಂದಿದ್ದೇನೆ, ಮೇಜಿನ ಮೇಲಿದೆ, ಹಾಕಿ ತೆಗೆದು ನೋಡಿ. ಬೀಗ ಹಾಕಿದ್ದಕ್ಕೆ ಕಾನೂನಿನಲ್ಲಿ ಏನಿದೆಯೋ ಅದು ನನಗಿರಲಿ. ಫಾರಂ 57 ಜನರದು, ಅದನ್ನು ಬಿಟ್ಟುಕೊಡಲು ನಾನು ಯಾರು?

ಇನ್ನೊಂದು ವಿಷಯ. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಪೇದೆಯವರು ಪೆನ್ನು ಬಿದ್ದಾಗ ಎದ್ದರು. ಅವರು ಕೂತ ಕುರ್ಚಿಯ ತಳ ನೋಡಿದೆ. ಕೆಂಪು ಬಣ್ಣದಲ್ಲಿ 88 ಎಂದಿದೆ. ಮೂರು ವರ್ಷದ ಹಿಂದಿನ ಆ ಬಹಿರಂಗ ಸಭೆಗೆ ಬಂದೋಬಸ್ತಿಗೆ ಬಂದವರು ಈ ಠಾಣೆಯವರೇ. ಇದರ ಬಗ್ಗೆ ನಾನು ದೂರು ಕೊಡುವುದಿಲ್ಲ; ನಮ್ಮ ಮನೆಯವರಿಗೆ ತೋರಿಸಲು ಒಂದು ದಿನ ಆ ಕುರ್ಚಿ ಕೊಟ್ಟರೆ ಸಾಕು.

ಮೇಲಿನದನ್ನು ಪೇದೆಯವರು ನನಗೆ ಓದಿ ಹೇಳಿದರು. ಬಾಗಿಲ ವಿಷಯ ಬರುವಲ್ಲಿ "ಗಾಬರಿಯಿಂದ ಬೀಗ ಹಾಕಿದೆ" ಎಂದು ಸೇರಿಸಿ ಓದಿದರು. "ಗಾಬರಿಯಿಂದ" ಎಂಬ ಪದವನ್ನು ಹೊಡೆದುಹಾಕಿಸಿ, ಅದರ ಮೇಲೆ "ತಿಳಿದೇ" ಎಂದು ನನ್ನ ಕೈಯಿಂದ ಬರೆದು, ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಈಗ ಎಲ್ಲವೂ ಸರಿಯಾಗಿದೆ, ನಡೆದದ್ದು ಇಷ್ಟೇ.

ಸ್ಥಳ: ಪೊಲೀಸ್ ಠಾಣೆ, ಒಳಕೋಣೆ
ದಿನ: ಮಂಗಳವಾರ, ಮಧ್ಯಾಹ್ನ 12:50
ಸಹಿ: (ಎರಡು ಕಡೆ)