ಗಫಾರ್ ಕೇಳಿದ ಮಣ್ಣು

ಕೆರಗೋಡಿನಾಚೆ ದೊಡ್ಡಬೀರಯ್ಯನ ಆಲೆಮನೆಯಲ್ಲಿ ಆ ಸಂಜೆ ಮಳೆಗೆ ಸಿಕ್ಕಿಬಿದ್ದವರು ಎಂಟು ಜನ. ಕಬ್ಬಿನ ಸೋಗೆಯಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು. ಮಳೆ ಕೊಂಚ ಸಣ್ಣಗಾದರೆ ಸಾಕು, ಎಲ್ಲಿ ಎಲ್ಲರೂ ಎದ್ದುಹೋಗಿ ತಾನೊಬ್ಬನೇ ಉಳಿಯುತ್ತೇನೋ ಅಂತ ಹೆದರಿ ಮುದುಕ ದೊಡ್ಡಬೀರಯ್ಯ ಹೊರಗಿನ ಕತ್ತಲನ್ನೇ ನೋಡುತ್ತಿದ್ದ.

"ಕುಂತ್ಕಳ್ರಲಾ, ಓದ್ ವರ್ಸ ಇಮಾನ ಬಿದ್ದ ಕತೆ ಯೋಳ್ತೀನಿ," ಅಂದ.

"ಮಳೆ ಬಂದಾಗೆಲ್ಲ ಅದ್ನೇ ಯೋಳ್ತೀಯಲ್ಲ ತಾತ," ಅಂದ ಮರಿಯಯ್ಯ.

"ಮುಚ್ಲೇ ಬಾಯಿ.

"ಯುದ್ಧ ಮುಗುದು ವರ್ಸ ಆಗಿತ್ತು. ದುದ್ದದ ದಾರೀಲಿ ಮಿಲಿಟ್ರಿಯೋರು ಇಮಾನ ಇಳಿಸೋ ಮೈದಾನ ಮಾಡಿದ್ರಲ್ಲ, ಅಲ್ಲಿ ನಾವು ನಾಕು ಜನ ಕೂಲಿಗೆ ಮಣ್ಣು ಒರ್ತಿದ್ದೋ. ಗಫಾರ್ ಅಂತ... ಮಂಡ್ಯದ ಸುಲ್ತಾನ್ ಬೀ ಮಗ, ಮಿಲಿಟ್ರಿ ಮೆಕ್ಯಾನಿಕ್ಕು, ನಮ್ ಜೊತೇಲೇ ಕುಂತು ಬೀಡಿ ಸೇದೋನು. ಮಟಮಟ ಮಧ್ಯಾನ, ಇಮಾನ ಒಂದು ಬಂದು ಮಗ್ಗುಲಾಗಿ ಬಿತ್ತು ಕಣ್ರಲಾ! ಪೆಟ್ರೋಲು ಚೆಲ್ಲಿ ಬೆಂಕಿ. ಒಳಗೆ ಮೂರು ಜನ. ಗಫಾರ್ ಗೋಣಿಚೀಲ ಒದ್ಕಂಡು ನುಗ್ದ, ಒಬ್ಬನ್ನ ಎಳ್ಕಂಡ್ ಬಂದ, ಇನ್ನೊಬ್ಬನ್ನ ಎಳ್ಕಂಡ್ ಬಂದ, ಗಫಾರ್ ಕೈ ಚರ್ಮ ಅರುದ ಅಂಗಿ ತೋಳಿನಂಗೆ ಜೋತಾಡ್ತಿತ್ತು... ತಿರ್ಗಾ ನುಗ್ದ. ಒಳಗಿಂದ ಕೂಗ್ತಾವ್ನೆ, 'ನೀರು ಬ್ಯಾಡ! ಮಣ್ಣಾಕ್ರಿ! ನನ್ ಮ್ಯಾಲೇ ಬೀಳ್ಲಿ, ಮಣ್ಣಾಕ್ರಿ!'

"ಉಸ್ರಾಡೋ ಮನ್ಸನ ಮ್ಯಾಲೆ ಯಾವನಾದ್ರೂ ಮಣ್ಣಾಕ್ತಾನೇನ್ರಲಾ? ಮಣ್ಣಾಕೋದು ಹೆಣಕ್ಕೆ! 'ಲೇ ಗಫಾರ್, ಬುಡ್ತು ಅನ್ನೋ!' ಅಂತ ನಾನೇ ಬಯ್ದೆ. ಬುಟ್ಟಿ ಎಸ್ದು ನಾಲೆಗೆ ಓಡಿ, ಮೊದಲ್ನೇ ಕೊಡ ಸುರುದೋನೂ ನಾನೇ. ಮಿಕ್ಕ ಮೂವರೂ ಸುರುದ್ರು. ಬೆಂಕಿ ಆರ್ನಿಲ್ಲ... ನೀರಿನ ಮ್ಯಾಲೇ ತೇಲ್ಕಂಡು ಇಮಾನದ ಬಾಗ್ಲಿಗೇ ಓಯ್ತು. ಗಫಾರ್ ಆ ಬಾಗ್ಲಲ್ಲೇ ನಿಂತಿದ್ದ. ಮೂರನೇವನ್ನ ಈಚೆಗೆ ನೂಕ್ದ... ತಾನು ಬರ್ನಿಲ್ಲ."

ಮರಿಯಯ್ಯ ಸೋಗೆಯಾಚೆ ಕೈ ಚಾಚಿ ಮಳೆ ನೋಡಿದ.

"ಮಂಡ್ಯದ ಖಬರಸ್ತಾನದಲ್ಲಿ ಬಂದೋರೆಲ್ಲ ಮೂರ್ಮೂರು ಹಿಡಿ ಮಣ್ಣಾಕಿದ್ರು. ನಾನೂ ಬಗ್ಗಿ ಒಂದು ಹಿಡಿ ಆಕ್ದೆ. ಗುಂಡಿಯೊಳಗಿಂದ ಗಫಾರ್ ಮೆತ್ತಗೆ ಕೇಳ್ದ... 'ಈಗ ಆಕ್ತೀಯಾ, ಬೀರಣ್ಣ?'

"ಯಾರ್ಗೂ ಕೇಳಿಸ್ನಿಲ್ಲ. ನಮ್ ನಾಕು ಜನಕ್ಕೆ ಬುಟ್ಟು. ಅದ್ರಲ್ಲಿ ಮೂವರು ವರ್ಸ ತುಂಬೋದ್ರೊಳಗೆ ಸತ್ರು. ಒಬ್ಬೊಬ್ಬನೂ ಒಂಟಿಯಾಗಿದ್ದಾಗ, ಮನೆ ಒಳಗೇ... ಬಾಯಿ ತುಂಬ, ಮೂಗು ತುಂಬ ಮಣ್ಣು."

ಮಳೆ ನಿಂತಿತ್ತು. ಮರಿಯಯ್ಯ ಎದ್ದು ಪಂಚೆ ಕೊಡವಿದ. ಉಳಿದವರೂ ಎದ್ದರು. ಮುದುಕ ಮರಿಯಯ್ಯನ ರಟ್ಟೆ ಹಿಡಿದುಕೊಂಡ.

"ಇನ್ನೂ ಉಯ್ತಾ ಅದೆ ಕಣ್ಲಾ, ಕುಂತ್ಕಳ್ಳಾ... ಜನ ಇರೋಗಂಟ ಅವನು ಆ ಕತ್ಲಲ್ಲೇ ನಿಂತಿರ್ತಾನೆ, ಒಳೀಕೆ ಬರಾಕಿಲ್ಲ. ಮತ್ತೆ ನಾನ್ಯಾಕೆ ನಿಮ್ಗೆ ಕತೆ ಯೋಳ್ತೀನಿ ಅನ್ಕಂಡ್ರಿ?"