ಕಾಡು ಸೇರಿದ ಕೌಂಟಿಯವರು

ಡಾಕ್‌ಲ್ಯಾಂಡ್ಸ್ ಕಡೆ ಹೋಗುವ ಟ್ರಾಮಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ನಮ್ಮ ಕನ್ನಡ ಸಂಘದ ಅಧ್ಯಕ್ಷ ಶ್ರೀಪತಿ ಕುಳಿತಿದ್ದರು. ಅವರ ಪಕ್ಕದಲ್ಲಿ ಕಾನೂನು ಓದುವ ಪ್ರಾರ್ಥನಾ.

"ಅಮೆರಿಕದ ಹಳೇ ಕೇಸ್ ಅಂಕಲ್. ರೈಲು ತರ್ತೀವಿ ಅಂತ ಕೌಂಟಿ, ಅಂದ್ರೆ ಅಲ್ಲಿನ ಜಿಲ್ಲಾ ಸರ್ಕಾರ, ಬಾಂಡ್ ಮಾರಿ ಸಾಲ ಎತ್ತಿತು. ರೈಲೇ ಬರಲಿಲ್ಲ. ನೀವು ಹಾಲ್ ಕಟ್ತೀವಿ ಅಂತ ದುಡ್ಡು ತಗೊಂಡು ಮೆಂಬರ್ಸ್‌ಗೆ ಬಾಂಡ್ ಬರ್ಕೊಟ್ರಲ್ಲ, ಹಾಗೆ."

"ಅದು ಬೇರೆ ಬಿಡು. ಆಮೇಲೆ?"

"ಕೋರ್ಟು ಸಾಲ ತೀರಿಸಿ ಅಂತು. ಕೌಂಟಿಯವರು ಹೋಗಿ ಕಾಡಲ್ಲಿ ಅಡಗಿ ಕೂತ್ರು."

"ಯಾಕಮ್ಮ?"

"ಕೈಗೆ ಸಿಕ್ಕರೆ ತಾನೇ ಆರ್ಡರ್ ಕೊಡೋದು?"

"ಛೆ! ಮರ್ಯಾದಸ್ಥರು ಮಾಡೋ ಕೆಲಸವೇ ಅದು?"

ಟ್ರಾಮ್ ನಿಂತಿತು. ಮುಂದಿನ ಬಾಗಿಲಲ್ಲಿ ಹೆಂಗಸೊಬ್ಬರು ಹತ್ತಿದರು.

"ಅಂಕಲ್, ಪದ್ಮಿನಿ ಆಂಟಿ! ಬಾಂಡ್ ವಿಷಯಕ್ಕೆ ನಿಮ್ಮನ್ನೇ ಹುಡುಕ್ತಿದ್ರು."

ಶ್ರೀಪತಿ ಆಗಲೇ ಹಿಂದಿನ ಬಾಗಿಲಲ್ಲಿದ್ದರು.

"ನಮ್ಮ ಸ್ಟಾಪ್ ಇನ್ನೂ ದೂರ ಅಂಕಲ್!"

"ನಡೆದ್ರೆ ಶುಗರ್ ಇಳಿಯುತ್ತಮ್ಮ" ಎನ್ನುತ್ತಾ ಅವರು ಇಳಿದೇಬಿಟ್ಟರು.